ಗಾದಿ ಬಿಡದ ಕಲ್ಯಾಣಪ್ಪ

ಕಲ್ಯಾಣಪ್ಪ ಉಪಕಾರ ನೆನೆಯುವ ಮನುಷ್ಯನಲ್ಲ. ಕೃತಜ್ಞತೆ ಎಂಬುದು ಅವನ ಮೈಯಲ್ಲಿ ಎಲ್ಲಿಯೂ ಇರಲಿಲ್ಲ. ಅಕ್ಕನ ಮೂತ್ರಪಿಂಡ ಆ ಮೈಯನ್ನು ಸೇರಿದ ಮೇಲಾದರೂ ಸ್ವಲ್ಪ ಬಂದೀತೆಂದು ಕಾದವರಿಗೆ ನಿರಾಸೆಯಾಯಿತು. ಈ ತೀರ್ಪು ಕೊಟ್ಟವಳು ಹೊರಗಿನವಳಲ್ಲ, ಆ ಅಕ್ಕನೇ. ಶಿವದೇವಿ ಹೈದರಾಬಾದಿನ ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಒಬ್ಬಳೇ ಇರುವವಳು. ತಮ್ಮನ ವಿಷಯವನ್ನು ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಬಿಡಿಸಿ ಮುಗಿಸಿದ ಲೆಕ್ಕದ ಉತ್ತರ ಹೇಳುವಂತೆ ಹೇಳುತ್ತಿದ್ದಳು.

"ನಮ್ಮ ಕಲ್ಯಾಣ ಕೆಟ್ಟಾವ ಅಲ್ಲ. ಆದ್ರ ಇನ್ನೊಬ್ಬರು ಮಾಡಿದ್ದು ಅವನ ಕಣ್ಣಿಗೆ ಕಾಣಂಗಿಲ್ಲ. ಕಾಣಲಾರದ್ದಕ್ಕ ಅವ ಏನು ಮಾಡ್ಯಾನು?"

ಸಾಕ್ಷಿಗೆ ಬರವಿರಲಿಲ್ಲ. ಹೆಂಡತಿ ಭಾಗ್ಯಶ್ರೀ ಬಡಿಸಿದ ಊಟವನ್ನು ಒಂದು ದಿನವೂ ಚೆನ್ನಾಗಿದೆ ಎಂದವನಲ್ಲ; ಚೆನ್ನಾಗಿಲ್ಲದ ದಿನ ಮಾತ್ರ ಉಪ್ಪಲ್‌ನ ಅವರ ಓಣಿಗೆಲ್ಲ ಕೇಳಿಸುತ್ತಿತ್ತು. ಕಸಿ ಮಾಡಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದಾಗ ನೋಡಲು ಬಂದ ನೆಂಟರೆಲ್ಲ, "ಅಕ್ಕ ಅಂದ್ರ ಇಂಥಾಕಿ ಇರಬೇಕು ನೋಡಪಾ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಕಲ್ಯಾಣಪ್ಪ ದಿಂಬಿಗೆ ಒರಗಿಕೊಂಡು ಹೇಳಿದ್ದ:

"ಇದರಾಗೇನೈತಿ? ನಮ್ಮಪ್ಪನ ಮಾಲು ಎರಡು ಅಂಗಡ್ಯಾಗ ಇತ್ತು. ನನ್ನ ಅಂಗಡೀದು ಕೆಡ್ತು, ಅಕ್ಕನ ಗೋದಾಮಿನಿಂದ ಒಂದು ಪೀಸ್ ತರಿಸಿದೆ. ಅಂಗಡಿ ಬ್ಯಾರೆ ಆದ್ರೇನು, ಮಾಲಕ ಒಬ್ಬನ."

ಎಲ್ಲರೂ ನಕ್ಕರು. ಹೊಟ್ಟೆಯ ಪಕ್ಕದ ಹೊಲಿಗೆ ಇನ್ನೂ ಎಳೆಯುತ್ತಿದ್ದ ಶಿವದೇವಿ ನಗಲಿಲ್ಲ. ನಕ್ಕರೆ ನೋಯುತ್ತಿತ್ತು ಎಂಬುದೂ ಒಂದು ಕಾರಣ.

ಅವನ ಮಾತಿನಲ್ಲಿ ಅಂಗಡಿ ಬಾರದೆ ಇರುತ್ತಿರಲಿಲ್ಲ. ತಂದೆ ಗೊಲ್ಲಾಳಪ್ಪ ಬಸವಕಲ್ಯಾಣದಿಂದ ಸೀರೆಯ ಗಂಟು ಹೊತ್ತು ಬಂದು ಸುಲ್ತಾನ್ ಬಜಾರಿನ ಒಂದು ಸಂದಿಯಲ್ಲಿ ಹಾಕಿದ ಅಂಗಡಿ ಅದು. ಇಳಕಲ್ಲು, ನಾರಾಯಣಪೇಟೆ, ಗುಳೇದಗುಡ್ಡದ ಖಣ. ಹೈದರಾಬಾದಿನಲ್ಲಿ ನೆಲೆನಿಂತ ಬೀದರ, ಕಲಬುರಗಿ ಕಡೆಯ ಮನೆಗಳಲ್ಲಿ ಮದುವೆ ಗೊತ್ತಾಯಿತೆಂದರೆ ಜವಳಿ ತೆಗೆಯಲು ಅಲ್ಲಿಗೇ ಬರುತ್ತಿದ್ದರು. ಜವಳಿ ಎಂದರೆ ಒಬ್ಬಿಬ್ಬರು ಬಂದು ಸೀರೆ ಕೊಂಡು ಹೋಗುವುದಲ್ಲ. ಎರಡೂ ಕಡೆಯ ಬೀಗರು, ಸೋದರತ್ತೆಯರು, ಹಿರಿಯರು, ಮುನಿಸಿಕೊಳ್ಳಲೆಂದೇ ಬಂದ ಒಬ್ಬ ಚಿಕ್ಕಮ್ಮ, ಎಲ್ಲರೂ ಚಪ್ಪಲಿ ಕಳಚಿ, ಬಿಳಿ ಹೊದಿಕೆಯ ಗಾದಿಯ ಮುಂದೆ ಜಮಖಾನದ ಮೇಲೆ ಕೂರಬೇಕು. ಮೊದಲ ಸೀರೆಗೆ ಕುಂಕುಮ ಹಚ್ಚಬೇಕು. ಅಲ್ಲಿಂದ ಕೊನೆಯ ಟೋಪಿ ಟವೆಲ್ಲಿನ ತನಕ ಅದು ಒಂದೇ ಓಟ. ಗೊಲ್ಲಾಳಪ್ಪನ ಅಂಗಡಿಯಲ್ಲಿ ಇದಕ್ಕೆ ಒಂದು ನಿಯಮವಿತ್ತು: ಜವಳಿ ಬಿಚ್ಚಿದ ಮೇಲೆ ಅದನ್ನು ಕಟ್ಟುವ ತನಕ ಮಾಲಕನ ಗಾದಿ ಖಾಲಿಯಾಗಬಾರದು. ಖಾಲಿಯಾದರೆ ಮದುವೆಯಲ್ಲಿ ಏನೋ ಒಂದು ಅಡ್ಡ ಬರುತ್ತದೆ.

ತಂದೆಯ ಬೇರೆ ಯಾವ ಮಾತನ್ನೂ ಅಷ್ಟಾಗಿ ಕೇಳದ ಕಲ್ಯಾಣಪ್ಪ ಇದೊಂದನ್ನು ಹಿಡಿದುಕೊಂಡ. ಮರಾಠಿ ಹೆಂಗಸರೊಡನೆ ಮರಾಠಿ, ತೆಲುಗರೊಡನೆ ತೆಲುಗು, ಹಳೇ ಪಟ್ಟಣದ ಗಿರಾಕಿಗಳೊಡನೆ ದಖನಿ. ಸಿಟ್ಟು ಬಂದಾಗ ಮಾತ್ರ ಎದುರಿಗೆ ಯಾರಿದ್ದರೂ ಕನ್ನಡ. ಅವನು ಕೂತು ಕೊಡಿಸಿದ ಜವಳಿ ಎಂದರೆ ಜಹೀರಾಬಾದಿನ ತನಕ ಹೆಸರು. ಗಂಟೆಗಟ್ಟಲೆ ಕೂತು ಸೊಂಟ ಹಿಡಿಯಿತು. ಸೊಂಟಕ್ಕೆ ನೋವಿನ ಮಾತ್ರೆಗಳನ್ನು ಪೆಪ್ಪರ್‌ಮಿಂಟಿನಂತೆ ತಿಂದ. ರಕ್ತದೊತ್ತಡವನ್ನು ಯಾರೂ ನೋಡಲಿಲ್ಲ, ಅವನಂತೂ ನೋಡಲಿಲ್ಲ. ಎರಡೂ ಮೂತ್ರಪಿಂಡಗಳು ಹೋದವು ಎಂದು ತಿಳಿದದ್ದು ಅವು ಹೋದ ಮೇಲೆಯೇ.

ಡಯಾಲಿಸಿಸ್ಸಿನ ಕುರ್ಚಿಯಲ್ಲಿ ಅವನು ಕರಗುತ್ತ ಹೋದುದನ್ನು ಶಿವದೇವಿ ಒಂದಿಷ್ಟು ಕಾಲ ನೋಡಿದಳು. ಭಾಗ್ಯಶ್ರೀ ತನ್ನದನ್ನು ಕೊಡಲು ಮುಂದೆ ಬಂದಳು. ಅವಳಿಗೆ ಸಕ್ಕರೆ ಕಾಯಿಲೆ, ಡಾಕ್ಟರರು ಬೇಡವೆಂದರು. ಶಿವದೇವಿ ತನ್ನ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಂಡಳು, ಹೊಂದಿತು. ನಿರ್ಧಾರಕ್ಕೆ ಅವಳು ಹೆಚ್ಚು ಸಮಯ ತೆಗೆದುಕೊಳ್ಳಲಿಲ್ಲ. ಒಬ್ಬರಿಗೆ ಒಂದು ಸಾಕು, ನನ್ನ ಹತ್ತಿರ ಎರಡಿವೆ, ಅವನ ಹತ್ತಿರ ಒಂದೂ ಇಲ್ಲ ಎಂದಳು. ಇದನ್ನು ತ್ಯಾಗ ಎಂದವರನ್ನು ಕಣ್ಣಲ್ಲೇ ಸುಮ್ಮನಾಗಿಸುತ್ತಿದ್ದಳು.

ಕಸಿಯಾದ ಮೇಲೆ ಕಲ್ಯಾಣಪ್ಪ ಮಾತ್ರೆಗಳನ್ನು ತಪ್ಪಿಸಲಿಲ್ಲ. ಬಾಯಿಗೆ ಮಾಸ್ಕು ಹಾಕಿಕೊಂಡೇ ಅಂಗಡಿಗೆ ಹೋದ. ನೀರು ಹೆಚ್ಚು ಕುಡಿಯಬೇಕು ಎಂದಿದ್ದರು, ದೊಡ್ಡ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಕುಡಿದ. ಎರಡು ಮೂರು ತಾಸಿಗೊಮ್ಮೆ ಎದ್ದು ಮೂತ್ರಕ್ಕೆ ಹೋಗಬೇಕು, ತಡೆಯಕೂಡದು ಎಂದೂ ಹೇಳಿದ್ದರು. ಅದಕ್ಕೆ ಹೂಂ ಎಂದಿದ್ದ.

ಮೂರು ವರ್ಷ ಚೆನ್ನಾಗಿ ಹೋಯಿತು. ನಾಲ್ಕನೆಯ ವರ್ಷ ಜ್ವರ ಬಂತು. ಸಾಮಾನ್ಯ ಜ್ವರವಲ್ಲ, ಗಡಗಡ ನಡುಕ, ಬಲಗಡೆ ಕಿಬ್ಬೊಟ್ಟೆಯಲ್ಲಿ ಕಸಿ ಮಾಡಿದ ಜಾಗದಲ್ಲಿ ನೋವು. ಆಸ್ಪತ್ರೆಗೆ ಸೇರಿಸಿದರು, ಸೂಜಿಯಲ್ಲಿ ಔಷಧ ಕೊಟ್ಟು ಇಳಿಸಿದರು. ಮತ್ತೆ ಬಂತು. ಮತ್ತೆ ಇಳಿಸಿದರು. ಮೂರನೆಯ ಸಲ ಬಂದಾಗ ಮೂತ್ರಪಿಂಡದ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಏರಿ, ಇಳಿಯುವಾಗ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಭಾಗ್ಯಶ್ರೀ ಹೊರಗಿನ ಚಹಾವನ್ನು ದೂರಿದಳು, ಆಮೇಲೆ ದೃಷ್ಟಿಯನ್ನು ದೂರಿದಳು. ಶಿವದೇವಿ ಯಾರನ್ನೂ ದೂರಲಿಲ್ಲ. ಒಂದೇ ಜಾಗಕ್ಕೆ ಮೂರು ಸಲ ಸೋಂಕು ಬಂದರೆ ಅದಕ್ಕೊಂದು ದಾರಿಯಿರಬೇಕು ಎಂದಳು, ತಮ್ಮನನ್ನು ಕರೆದುಕೊಂಡು ಮೂತ್ರರೋಗ ತಜ್ಞೆಯ ಹತ್ತಿರ ಹೋದಳು.

ಡಾಕ್ಟರ್ ಮಾನಸಾ ಹೈದರಾಬಾದಿನಲ್ಲೇ ಓದಿದವಳು, ತವರು ರಾಯಚೂರು. ಮೂತ್ರಕೋಶಕ್ಕೆ ಸಣ್ಣ ನಳಿಗೆಯಲ್ಲಿ ಎಕ್ಸ್‌ರೇಗೆ ಕಾಣುವ ದ್ರವ ತುಂಬಿಸಿ, ಅವನು ಮೂತ್ರ ಮಾಡುವಾಗ ಚಿತ್ರ ತೆಗೆಸಿದಳು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಪರದೆ ತೋರಿಸಿದಳು. ಕೆಳಗೆ ಹೋಗಬೇಕಾದ ಬಿಳಿ ಗೆರೆ ಮೇಲೆ ಹತ್ತುತ್ತಿತ್ತು. ಹತ್ತಿ ಹೋಗಿ ಶಿವದೇವಿಯ ಮೂತ್ರಪಿಂಡದೊಳಗೆ ಹೂವಿನಂತೆ ಅರಳಿ ನಿಂತಿತ್ತು.

"ಕಿಡ್ನಿಯಿಂದ ಬರೋ ನಾಳ ಮೂತ್ರಕೋಶದ ಗೋಡ್ಯಾಗ ಓರೆಯಾಗಿ ಹೊಕ್ಕಿರ್ತೈತ್ರಿ," ಎಂದಳು ಮಾನಸಾ. "ಕೋಶ ತುಂಬಿದಾಗ ಆ ಗೋಡೆ ಒತ್ತಿ ಬಾಯಿ ಮುಚ್ಚಬೇಕು. ನಿಮ್ಮದು ಮುಚ್ಚವಲ್ಲದು. ಹೊಲಸು ನೀರು ಮ್ಯಾಲೆ ಏರಾಕತ್ತೈತಿ, ಅದಕ್ಕ ಜ್ವರ. ಒಂದೊಂದು ಜ್ವರಕ್ಕೂ ಕಿಡ್ನಿ ಮ್ಯಾಲೆ ಒಂದೊಂದು ಕಲೆ ಬೀಳ್ತೈತಿ. ಹಿಂಗ ನಾಲ್ಕೈದು ಆದ್ರ ಅದನ್ನ ಉಳಸ್ಕೊಳ್ಳೋದು ಕಷ್ಟ."

ಕಲ್ಯಾಣಪ್ಪ ಪರದೆಯನ್ನೇ ನೋಡುತ್ತಿದ್ದ. ಡಾಕ್ಟರ್ ಕೇಳಿದಳು: "ಎಷ್ಟು ತಾಸಿಗೊಮ್ಮೆ ಹೋಗ್ತೀರಿ?"

"ಎರಡು ತಾಸಿಗೊಮ್ಮೆ."

ಉತ್ತರ ತಡವಿಲ್ಲದೆ ಬಂತು. ಪರೀಕ್ಷೆಯ ಕೋಣೆಗಳಲ್ಲಿ ಆಯುಷ್ಯ ಕಳೆದ ಶಿವದೇವಿಗೆ ಅಷ್ಟು ಚುರುಕಾದ ಉತ್ತರಗಳ ಮೇಲೆ ಯಾವಾಗಲೂ ಅನುಮಾನ.

ಮರುದಿನ ಅವಳು ಮೆಟ್ರೊ ಹಿಡಿದು ಸುಲ್ತಾನ್ ಬಜಾರಿನಲ್ಲಿ ಇಳಿದು, ಹೇಳದೆ ಕೇಳದೆ ಅಂಗಡಿಗೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತಳು. ಜಹೀರಾಬಾದಿನ ಒಂದು ಜವಳಿ ಆಗಲೇ ಬಿಚ್ಚಿತ್ತು. ಹುಡುಗನ ತಾಯಿಗೆ ಹಸಿರು ಬೇಕು, ಹುಡುಗಿಯ ಸೋದರತ್ತೆಗೆ ಅರಿಶಿನ ಬಣ್ಣ ಬೇಕು, ಹುಡುಗಿಗೆ ಏನು ಬೇಕೆಂದು ಯಾರೂ ಕೇಳಿರಲಿಲ್ಲ. ಸೀರೆಯ ಮೇಲೆ ಸೀರೆ ಬಿಚ್ಚಿ ರಾಶಿ ಬಿತ್ತು. ಕಲ್ಯಾಣಪ್ಪ ಬಾಟಲಿ ಎತ್ತಿ ನೀರು ಕುಡಿದ. ಮತ್ತೆ ಕುಡಿದ. ಮಧ್ಯಾಹ್ನವಾಯಿತು. ಬೀಗರಿಗೆ ಚಹಾ ಬಂತು, ಮಿರ್ಚಿ ಬಂತು, ಮತ್ತೆ ಚಹಾ ಬಂತು. ಅವನು ಎದ್ದಿರಲಿಲ್ಲ. ಮಡಚಿದ ಮೊಣಕಾಲು ಒಂದೇ ಸಮನೆ ಅದುರುತ್ತಿತ್ತು, ಹಣೆಯಲ್ಲಿ ಬೆವರು, ಮಾತು ಮಾತ್ರ ಮೊದಲಿಗಿಂತ ಸವಿ. ಪರೀಕ್ಷೆ ಬರೆಯುವ ಹುಡುಗಿಯರ ನಡುವೆ ಓಡಾಡಿದವಳಿಗೆ ಆ ಕಾಲಿನ ಅದುರುವಿಕೆ ಯಾವುದರದೆಂದು ಗೊತ್ತಿತ್ತು.

"ಕಲ್ಯಾಣ, ಎದ್ದು ಹೋಗಿ ಬಾ," ಎಂದಳು ಮೂಲೆಯಿಂದ.

"ಎಲ್ಲಿಗೆ?"

"ಎಲ್ಲಿಗಂತ ಬೀಗರ ಮುಂದ ಬಾಯಿಬಿಟ್ಟು ಹೇಳ್ಲೇನು?"

ಹುಡುಗನ ತಾಯಿ ತಲೆಯೆತ್ತಿದಳು. "ಯಾಕ್ರೀ ಬಾಯೇರ, ಅರ್ಧಾಕ ಎಬ್ಬಸ್ತೀರಿ? ನಮ್ಮದು ಮದುವಿ ಜವಳಿ ಐತ್ರಿ. ಗಾದಿ ಖಾಲಿ ಆಗಬಾರದಂತ ಕಲ್ಯಾಣಪ್ಪನವರ ಹೇಳ್ಯಾರ."

"ಖಾಲಿ ಯಾಕ ಆಗಬೇಕು? ನಾ ಕೂಡ್ತೀನಿ. ನಮ್ಮಪ್ಪ ಲಿಂಗಪೂಜಿಗೆ ಎದ್ದಾಗ ನಮ್ಮವ್ವ ಇದ ಗಾದಿ ಮ್ಯಾಲೆ ಕೂಡ್ತಿದ್ದಳು. ನೆಪ್ಪೈತಿಲ್ಲೋ ಕಲ್ಯಾಣ?"

"ಇಲ್ಲ," ಎಂದ ಅವನು.

"ನನಗೈತಿ. ಏಳು."

ಅವನು ಎದ್ದ. ಎದ್ದವನು ನಡೆಯಲಿಲ್ಲ, ಓಡಿದ. ಅಂಗಡಿಗೆ ಶೌಚಾಲಯವಿರಲಿಲ್ಲ, ಎರಡು ಸಂದಿ ದಾಟಿ ಹೋಗಿ ಬರಬೇಕು. ಅವನು ಹಿಂದಿರುಗುವಷ್ಟರಲ್ಲಿ ಶಿವದೇವಿ ಗಾದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಹಸಿರು ಸೀರೆ ಹುಡುಗಿಯ ಬಣ್ಣಕ್ಕೆ ಒಪ್ಪುವುದಿಲ್ಲ, ಅರಿಶಿನದ್ದು ಇನ್ನೂ ಒಪ್ಪುವುದಿಲ್ಲ ಎಂದು ಎರಡೂ ಕಡೆಯವರಿಗೆ ತಿಳಿಸಿಯಾಗಿತ್ತು.

ಜವಳಿ ಕಟ್ಟಿ ಬೀಗರು ಹೋದ ಮೇಲೆ ಅವನು ಸಿಟ್ಟಿನ ಕನ್ನಡಕ್ಕೆ ಬಂದ.

"ಅಕ್ಕಾ, ನೀ ಗಣಿತ ಹೇಳ್ಕೊಡು, ಸೀರಿ ಮಾರೋದು ಬ್ಯಾಡ. ಗಿರಾಕಿಗೆ ಹಿಂಗ ಖರೇ ಮಾತಾಡಿದ್ರ ನಾ ಅಂಗಡಿ ಮುಚ್ಚಿ ಮನೀಗೆ ಹೋಗಬೇಕು."

"ಡಾಕ್ಟರ್ ಮುಂದ ಸುಳ್ಳು ಯಾಕ ಹೇಳ್ದಿ?"

"ಸುಳ್ಳೇನೈತಿ? ಮನ್ಯಾಗಿದ್ದಾಗ ಎರಡು ತಾಸಿಗೊಮ್ಮೆ ಹೋಗ್ತೀನಿ."

"ಮನ್ಯಾಗ ಯಾವಾಗಿರ್ತಿ ನೀ?"

ಅವನು ಸೀರೆ ಮಡಚತೊಡಗಿದ. ಮಡಚುತ್ತಲೇ, ಅವಳಿಗೆ ಬುದ್ಧಿ ಹೇಳುವವನಂತೆ, "ನೋಡಕ್ಕಾ, ಅವರು ನೀರು ಕುಡೀರಿ ಅಂತಾರ ಯಾಕ? ಕಿಡ್ನಿ ತಂಪಿರಲಿ ಅಂತ. ಕುಡಿದ ನೀರು ಒಳಗ ನಿಂತಷ್ಟು ತಂಪು. ಕುಡಿದ ಕೂಡ್ಲೆ ಹೊರಗ ಹಾಕಿದ್ರ ಏನುಳೀತು?" ಎಂದ.

ಶಿವದೇವಿ ಅವನನ್ನು ನೋಡಿದಳು. ಅಕ್ಕನಾಗಿ ನೋಡಲಿಲ್ಲ, ಪಾಠ ಹೇಳುವವಳಾಗಿ ನೋಡಿದಳು. ಒಬ್ಬ ಮನುಷ್ಯ ಹೇಳಿದ ಮಾತನ್ನು ಅರ್ಧ ನಂಬಿ, ಉಳಿದರ್ಧವನ್ನು ತಾನೇ ಹೊಲಿದುಕೊಂಡು, ನಾಲ್ಕು ವರ್ಷ ಅದನ್ನೇ ಉಟ್ಟುಕೊಂಡಿದ್ದ. ಬಯ್ದು ಪ್ರಯೋಜನವಿರಲಿಲ್ಲ. ಪರದೆಯ ಮೇಲೆ ಮೇಲಕ್ಕೇರಿದ ಬಿಳಿ ಗೆರೆಯನ್ನು ನೆನಪಿಸಿದಳು. ಒಳಗೆ ನಿಂತ ನೀರು ತಂಪು ಮಾಡುತ್ತಿರಲಿಲ್ಲ, ಏರುತ್ತಿತ್ತು ಎಂದಳು. ಅವನು ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚಿದ.

ಮುಂದಿನ ಭೇಟಿಯಲ್ಲಿ ಅವಳು ಡಾಕ್ಟರಿಗೆ ನಿಜ ಹೇಳಿದಳು. ಮಾನಸಾ ನಗಲಿಲ್ಲ, ರೇಗಲೂ ಇಲ್ಲ. ತಡೆದುಕೊಂಡದ್ದರಿಂದಲೇ ಹೀಗಾಯಿತು ಎನ್ನಲಾರೆ, ಕೆಲವರಿಗೆ ಕಸಿಯಾದಾಗಿನಿಂದಲೂ ಆ ಬಾಯಿ ಸಡಿಲವಿರುತ್ತದೆ. ಆದರೆ ಇರುವ ತೊಂದರೆಗೆ ಇದು ಗಾಳಿ ಹಾಕಿತು ಎಂದಳು. ಇನ್ನು ಬರೀ ವೇಳೆಗೆ ಎದ್ದು ಹೋದರೆ ಸಾಲದು. ಎರಡು ದಾರಿಗಳಿದ್ದವು. ಒಂದು, ಹೊಟ್ಟೆಯನ್ನು ಮತ್ತೆ ತೆರೆದು ನಾಳವನ್ನು ಹೊಸದಾಗಿ ಕೂಡಿಸುವುದು. ಹಳೆಯ ಗಾಯದ ಜಾಗ, ಅಂಟಿಕೊಂಡಿರುತ್ತದೆ, ದೊಡ್ಡ ಕೆಲಸ. ಇನ್ನೊಂದು, ಕೊಯ್ಯದೆ, ಮೂತ್ರದ ದಾರಿಯಿಂದಲೇ ದುರ್ಬೀನು ಒಳಗೆ ಬಿಟ್ಟು, ನಾಳದ ಬಾಯಿಯ ಕೆಳಗೆ ಸೂಜಿಯಿಂದ ಗಟ್ಟಿ ಲೋಳೆಯಂಥ ಔಷಧ ತುಂಬುವುದು. ಅಲ್ಲೊಂದು ಸಣ್ಣ ಉಬ್ಬು ಏಳುತ್ತದೆ, ಆ ಉಬ್ಬು ಬಾಯಿಯನ್ನು ಆನಿಸಿ ಹಿಡಿಯುತ್ತದೆ.

"ಇದು ಮೊದಲ ಸಣ್ಣ ಮಕ್ಕಳಿಗಂತ ಬಂದದ್ದು," ಎಂದಳು. "ಹುಟ್ಟಿನಿಂದನ ಕೆಲವು ಕೂಸುಗಳಿಗೆ ಹಿಂಗ ಇರ್ತೈತಿ. ಕಸಿ ಆದವರೊಳಗ ಸ್ವಲ್ಪ ಕಠಿಣ. ಹೊಸ ನಾಳದ ಬಾಯಿ ಕೋಶದ ಮಾಳಿಗಿ ಕಡೆ ಇರ್ತೈತಿ, ಸೂಜಿ ಅಲ್ಲಿಗೆ ಓರೆಯಾಗಿ ಹೋಗಬೇಕು. ಒಂದ ಸಲಕ್ಕ ಆಗಲಿಕ್ಕಿಲ್ಲ, ಮತ್ತೊಮ್ಮೆ ಮಾಡಬೇಕಾದೀತು. ಆದ್ರ ಮೊದಲ ಇದನ್ನ ಮಾಡಿ ನೋಡೋದು ಚಲೋ."

ಕಲ್ಯಾಣಪ್ಪ ಕೇಳಿದ: "ಸೂಜಿನ ಅಲ್ಲೇನ್ರಿ? ಹಂಗಾರ ಅವಸರ ಏನೈತಿ. ಲಗ್ನದ ಸೀಜನ್ ಮುಗೀಲಿ."

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲೇ ಶಿವದೇವಿ ನಿಂತಳು.

"ಸೀಜನ್ ಮುಗಿಯೂದರಾಗ ಇನ್ನೊಂದು ಜ್ವರ ಬಂದ್ರ?"

"ಬಂದ್ರ ನೋಡೋಣು."

"ಹಂಗಾರ ನನ್ನ ಕಿಡ್ನಿ ವಾಪಸ್ ಕೊಡು."

"ಕೊಟ್ಟ ಮಾಲು ವಾಪಸ್ ಇಲ್ಲ. ಬೋರ್ಡ್ ಹಾಕೀನಿ ಅಂಗಡ್ಯಾಗ."

"ಇನ್ನೊಂದು ಬೋರ್ಡ್ ಹಾಕ್ಕೊ. ಗೋದಾಮ ಬಂದ್ ಆಗೈತಿ ಅಂತ. ನನ್ನ ಹತ್ರ ಉಳಿದದ್ದು ಒಂದ ಒಂದು, ಅದು ನಾ ಬದುಕಾಕ ಬೇಕು. ಇದನ್ನ ಕಳಕೊಂಡ್ರ ಮತ್ತ ಮಾಲು ಬರಂಗಿಲ್ಲ, ಕಲ್ಯಾಣ."

ಅಂದು ಸಂಜೆ ಭಾಗ್ಯಶ್ರೀ ಫೋನು ಮಾಡಿದಳು. "ಅಕ್ಕಾರ, ಒಪ್ಯಾರ್ರಿ. ಆದ್ರ ಅಮಾಸಿ ದಿನಾನ ಆಗಬೇಕಂತ. ಅಮಾಸಿಗೆ ಯಾರೂ ಜವಳಿ ತಗಿಯಂಗಿಲ್ಲಲ್ರಿ, ಅಂಗಡಿ ಖಾಲಿ ಇರ್ತೈತಂತ."

ಮಾನಸಾ ಇದನ್ನು ಕೇಳಿ ನಕ್ಕಳು. ಅಮಾವಾಸ್ಯೆಗೆ ಮಾತ್ರ ಬೇಡಿ ಡಾಕ್ಟರೇ ಎನ್ನುವ ರೋಗಿಗಳನ್ನು ಬೇಕಾದಷ್ಟು ನೋಡಿದ್ದಳಂತೆ, ಅದೇ ಬೇಕೆಂದವನು ಇವನೊಬ್ಬನೇ. ಆ ದಿನ ಆಪರೇಷನ್ ಥಿಯೇಟರು ಸುಲಭವಾಗಿ ಸಿಕ್ಕಿತು.

ಅಮಾವಾಸ್ಯೆಯ ಬೆಳಿಗ್ಗೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಭಾಗ್ಯಶ್ರೀ ಹೊರಗಿನ ಬೆಂಚಿನ ಮೇಲೆ ಕೂತು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಪಕ್ಕದಲ್ಲಿ ಶಿವದೇವಿ ಕೈ ಕಟ್ಟಿ ಕೂತಳು. ಒಳಗೆ ಇರುವುದು ತಮ್ಮನೋ ತನ್ನ ಮೈಯ ಒಂದು ತುಂಡೋ ಎಂದು ಯಾರಾದರೂ ಕೇಳಿದ್ದರೆ ಅಂಥ ಪ್ರಶ್ನೆ ನನಗೆ ಬೇಡ ಎನ್ನುತ್ತಿದ್ದಳು. ಆದರೆ ಎಡಗಡೆ ಪಕ್ಕೆಯ ಕೆಳಗಿನ ಹಳೆಯ ಗಾಯದ ಗೆರೆಯ ಮೇಲೆ ಸೆರಗಿನೊಳಗಿನಿಂದ ತನ್ನ ಕೈ ಹೋಗಿ ಕೂತಿದ್ದು ಅವಳಿಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ತೆಗೆಯಲಿಲ್ಲ.

ಅಂದುಕೊಂಡದ್ದಕ್ಕಿಂತ ಸ್ವಲ್ಪ ತಡವಾಗಿ ಮಾನಸಾ ಹೊರಗೆ ಬಂದಳು. ಟೋಪಿ ಇನ್ನೂ ತೆಗೆದಿರಲಿಲ್ಲ.

"ಮೊದಲ ಸೂಜಿ ನೆಟ್ಟಗ ಹೋಗಲಿಲ್ರಿ. ಬಾಯಿ ಭಾಳ ಮ್ಯಾಲೈತಿ. ಬಾಗಿದ ಸೂಜಿ ತರಿಸಿ ಹಾಕಿದೆ, ಚಲೋ ಕೂತೈತಿ." ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಗುಲಾಬಿ ಬಣ್ಣದ ಗೋಡೆಯ ಮೇಲೆ ನೆನೆದ ಕಡಲೆಕಾಳಿನಷ್ಟು ಒಂದು ಉಬ್ಬು, ಅದರ ತುದಿಯಲ್ಲಿ ಮುಚ್ಚಿದ ತುಟಿಯಂಥ ಒಂದು ಗೆರೆ. "ಗೆದ್ದೀವಿ ಅಂತ ಈಗ ಹೇಳಂಗಿಲ್ಲ. ಮೂರು ತಿಂಗಳಾದ ಮ್ಯಾಲೆ ಮತ್ತ ಅದ ಫೋಟೊ ತಗೊಂಡು ಹೇಳ್ತೀನಿ."

"ಕೊಯ್ದಿಲ್ರಿ?" ಎಂದು ಭಾಗ್ಯಶ್ರೀ ಎರಡನೆಯ ಸಲ ಕೇಳಿದಳು.

"ಎಲ್ಲೂ ಕೊಯ್ದಿಲ್ಲ. ನಾಳೆ ಮುಂಜಾನೆ ಮನೀಗೆ ಕರ್ಕೊಂಡು ಹೋಗ್ರಿ."

ಶಿವದೇವಿ ಹರಕೆ ಹೊರುವವಳಲ್ಲ. ಆ ಬೆಂಚಿನ ಮೇಲೆ ಕೂತು ಅವಳು ಯೋಚಿಸಿದ್ದು ಬೇರೆ. ಎಲ್ಲಿಯೋ ಯಾರೋ ಒಬ್ಬ ಡಾಕ್ಟರು ಜ್ವರದಿಂದ ನರಳುವ ಒಂದು ಮಗುವನ್ನು ನೋಡಿ, ಇದರ ಹೊಟ್ಟೆ ಕೊಯ್ಯದೆ ಆಗುವುದೇ ಎಂದು ತನ್ನನ್ನು ಕೇಳಿಕೊಂಡಿರಬೇಕು. ಮೊದಲ ಸಲ ಅದನ್ನು ತಮ್ಮ ಕೂಸಿನ ಮೇಲೆ ಮಾಡಲು ಒಪ್ಪಿದ ತಾಯ್ತಂದೆ ಇದ್ದಿರಬೇಕು. ಬಾಗಿದ ಸೂಜಿ ಬೇಕಾದೀತೆಂದು ಊಹಿಸಿ ಅದನ್ನು ಮಾಡಿಟ್ಟ ಕೈ ಒಂದಿರಬೇಕು. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ಗೊತ್ತಿಲ್ಲ, ಅವರಿಗೆ ಸುಲ್ತಾನ್ ಬಜಾರು ಗೊತ್ತಿಲ್ಲ. ಆದರೂ ಅವರೆಲ್ಲರ ಕೆಲಸ ಒಂದು ಅಮಾವಾಸ್ಯೆಯ ದಿನ ಬಂದು ಇಲ್ಲಿ ಕೂಡಿಕೊಂಡಿತ್ತು. ಯಾರಿಗೆ ಹೇಳಬೇಕೆಂದು ತಿಳಿಯದ ಕೃತಜ್ಞತೆ ಎದೆಯಲ್ಲಿ ತುಂಬಿ ಬಂತು. ಹತ್ತಿರದಲ್ಲಿ ನಿಂತಿದ್ದ ಮಾನಸಾಗೇ ಅದನ್ನು ಹೇಳಿದಳು.

"ಭಾಳ ಉಪಕಾರ ಆತವ್ವಾ. ನನ್ನ ಪಾಲಿಂದು, ಅವನ ಪಾಲಿಂದು, ಎರಡೂ ನಾನ ಹೇಳ್ತೀನಿ. ಅವ ಹೇಳಂಗಿಲ್ಲ."

ಅವನು ಹೇಳಲಿಲ್ಲ. ಎಚ್ಚರವಾದ ಮೇಲೆ ನೋಡಲು ಬಂದ ಮಾನಸಾಗೆ, "ಇಷ್ಟಕ್ಕ ಇಷ್ಟು ಹೊತ್ತು ಬೇಕಾತೇನ್ರಿ? ನಾ ಇಷ್ಟು ಹೊತ್ತಿನ್ಯಾಗ ಎರಡು ಮನಿ ಜವಳಿ ಕಟ್ತಿದ್ದೆ," ಎಂದ. ಮೂತ್ರ ಹೋಗುವಾಗ ಉರಿಯುತ್ತದೆ ಎಂದು ನರ್ಸಿನ ಮೇಲೆ ರೇಗಿದ. ನಳಿಗೆ ತೆಗೆದ ಮೇಲೆ ಮನೆಗೆ ಹೋದ.

ಅಂಗಡಿಯ ಏರ್ಪಾಟು ಮಾತ್ರ ಬದಲಾಯಿತು. ಗಾದಿ ಖಾಲಿಯಾಗಬಾರದು ಎಂಬುದನ್ನು ಅವನು ಬಿಡಲಿಲ್ಲ, ಬಿಡು ಎಂದು ಶಿವದೇವಿಯೂ ಒತ್ತಾಯಿಸಲಿಲ್ಲ. ಭಾಗ್ಯಶ್ರೀ ಅಡಿಗೆ ಮುಗಿಸಿ ಬಂದು ಅಂಗಡಿಯಲ್ಲಿ ಇರತೊಡಗಿದಳು. ಎರಡು ತಾಸಿಗೊಮ್ಮೆ ಮೊಬೈಲಿನ ಅಲಾರಂ ಕೂಗಿದಾಗ ಅವನು ಏಳುತ್ತಿದ್ದ, ಅವಳು ಕೂರುತ್ತಿದ್ದಳು. ಮೊದಮೊದಲು ಮುಖ ಗಂಟಿಕ್ಕಿದ ಬೀಗರು ಆಮೇಲೆ ಅವನು ಏಳುವುದನ್ನೇ ಕಾಯುವಂತಾದರು; ಸೀರೆಯ ವಿಷಯ ಹೆಂಗಸಿನೊಡನೆ ಮಾತಾಡುವುದು ಸುಲಭ. "ನಿಮ್ಮ ತಮ್ಮ ಅಂತಾರ್ರಿ, ನಾ ಕೂತ್ರ ಗಿರಾಕಿ ದಾರಿ ತಪ್ಪತಾವಂತ," ಎಂದು ಭಾಗ್ಯಶ್ರೀ ಫೋನಿನಲ್ಲಿ ನಗುತ್ತಿದ್ದಳು. ಗಂಡ ಕಾಯಿಲೆ ಬಿದ್ದಂದಿನಿಂದ ಅವಳ ನಗೆ ಕೇಳಿರದ ಶಿವದೇವಿ ಆ ದೂರನ್ನು ಸಂತೋಷದಿಂದಲೇ ಕೇಳಿಸಿಕೊಂಡಳು. ಲಗ್ನದ ಸೀಜನ್ನು ಕಳೆಯಿತು. ಜ್ವರ ಬರಲಿಲ್ಲ.

ಮೂರು ತಿಂಗಳ ಮೇಲಿನ ಪರೀಕ್ಷೆಯ ದಿನ, ಕಡತ ಹಿಡಿದುಕೊಳ್ಳಲು ಜೊತೆಗೆ ಬಾ ಎಂದು ಅವನೇ ಅಕ್ಕನಿಗೆ ಫೋನು ಮಾಡಿದ. ಕಡತ ಹಿಡಿಯಲು ಭಾಗ್ಯಶ್ರೀ ಇದ್ದಳಲ್ಲ ಎಂದು ಶಿವದೇವಿಗೆ ಅನಿಸಿತು. ಆದರೆ ಪರದೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗೂ ಇತ್ತು. ಮತ್ತೆ ದ್ರವ ತುಂಬಿದರು, ಮತ್ತೆ ಚಿತ್ರ ತೆಗೆದರು. ಮಾನಸಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ಬಿಳುಪು ಮೂತ್ರಕೋಶದಲ್ಲೇ ದುಂಡಗೆ ನಿಂತಿತ್ತು. ಆಮೇಲಿನ ಚಿತ್ರದಲ್ಲಿ ಕೆಳಗೆ ಇಳಿದು ಹೋಗಿತ್ತು. ಮೇಲೆ, ಅದು ಮುಂಚೆ ಅರಳಿದ್ದ ಜಾಗದಲ್ಲಿ, ಏನೂ ಇರಲಿಲ್ಲ.

"ಏರೋದು ನಿಂತೈತ್ರಿ," ಎಂದಳು ಮಾನಸಾ. "ಕ್ರಿಯಾಟಿನಿನ್ನೂ ಇಳದೈತಿ. ಹಿಂಗ ವೇಳ್ಯಾಕ್ಕ ಎದ್ದು ಹೋಗ್ಕೊಂತಿರ್ರಿ, ನೋಡ್ಕೊಂತಿರೋಣು. ನಿಮ್ಮ ಅಕ್ಕಾರ ಕೊಟ್ಟದ್ದು ಗಟ್ಟಿ ಮಾಲು ಕಲ್ಯಾಣಪ್ಪನವರ."

ಭಾಗ್ಯಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಏನೂ ಇಲ್ಲದ ಆ ಕಪ್ಪು ಜಾಗವನ್ನು ಶಿವದೇವಿ ಎಷ್ಟು ನೋಡಿದರೂ ಸಾಲದೆಂಬಂತೆ ನೋಡಿದಳು. ಕಲ್ಯಾಣಪ್ಪ ಎದ್ದು ನಿಂತು, "ಮುಂದ ಯಾವಾಗ ಬರಬೇಕ್ರಿ?" ಎಂದಷ್ಟೇ ಕೇಳಿ ಬಾಗಿಲ ಕಡೆ ನಡೆದ. ಒಂದು ನಮಸ್ಕಾರವೂ ಇಲ್ಲ. ತೀರ್ಪನ್ನು ತಿದ್ದುವ ಅಗತ್ಯ ಶಿವದೇವಿಗೆ ಕಾಣಲಿಲ್ಲ.

ಅವನು ಲಿಫ್ಟಿನ ಕಡೆ ಹೋಗದೆ ಕಾರಿಡಾರಿನ ಕೊನೆಗೆ ಹೋಗಿ, ಸ್ಕ್ಯಾನಿಂಗ್ ಕೋಣೆಯ ಮುಂದಿನ ಕುರ್ಚಿಯಲ್ಲಿ ಕೂತ. ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುವಿ ಅವಳ ಮುಂದೆ ಹಿಡಿದ.

"ಕುಡಿ. ಪೂರಾ ಕುಡಿ. ಕುಡಿದು ತಡ್ಕೊಂಡು ಕೂಡು, ಎದ್ದು ಹೋಗಬ್ಯಾಡ. ಹೊಟ್ಟಿ ತುಂಬಿದ್ರನ ಫೋಟೊ ಚಲೋ ಬರ್ತೈತಂತ."

"ಯಾರ ಫೋಟೊ?"

ಅವನು ಗೋಡೆ ನೋಡುತ್ತಿದ್ದ. ಕಿಡ್ನಿ ಕೊಟ್ಟವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ಕಸಿಯಾದಾಗಲೇ ಡಾಕ್ಟರರು ಹೇಳಿದ್ದರು. ಮೊದಲ ವರ್ಷ ಅವಳು ಹೋಗಿದ್ದಳು, ಆಮೇಲೆ ಇವನ ಜ್ವರಗಳ ನಡುವೆ ಬಿಟ್ಟಿದ್ದಳು. ಬಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

"ನಿನಗ ಯಾರು ಹೇಳಿದ್ರು?"

"ಯಾರ ಹೇಳಬೇಕು? ಕುಡಿ ಸುಮ್ಮ."

ಕೋಣೆಯ ಬಾಗಿಲು ತೆರೆದು ಒಬ್ಬ ಹುಡುಗಿ "ಶಿವದೇವಿ" ಎಂದು ಕೂಗಿದಳು. ಶಿವದೇವಿ ಏಳುವ ಮೊದಲೇ ಕಲ್ಯಾಣಪ್ಪ ಎದ್ದು ಬಾಗಿಲಿಗೆ ಹೋಗಿ, ಹುಡುಗಿ ತೆಲುಗಿನವಳೆಂಬುದನ್ನೂ ಮರೆತು, ತನ್ನ ಸಿಟ್ಟಿನ ಭಾಷೆಯಲ್ಲಿ, ಆದರೆ ಸಿಟ್ಟಿಲ್ಲದೆ ಹೇಳಿದ:

"ಎಡಗಡೇದು ಹುಡುಕಬ್ಯಾಡವ್ವಾ. ಅದು ನನ್ನ ಹತ್ರ ಐತಿ. ಬಲಗಡೇದು ನೆಟ್ಟಗ ನೋಡು, ನಾ ಇಲ್ಲೇ ಕೂತಿರ್ತೀನಿ."